ಏನೂ ತಿಳಿಯದ ನನ್ನ ತಂಗಿ

ನಾನು ಹುಟ್ಟಿದ ದಿನ ಯಾವುದೆಂದು ಕೇಳಿದರೆ ತಡವರಿಸುತ್ತೇನೆ. ಪೆನ್ನಿನಷ್ಟು ದಪ್ಪದ ಬಿಳಿ ಪ್ಲಾಸ್ಟಿಕ್ ಕೊಳವೆಯನ್ನು ಬೆರಳುದ್ದಕ್ಕೆ ಕತ್ತರಿಸಿದ ದಿನವೇ? ಆ ಕೊಳವೆಯೊಳಗೆ ಗ್ರಾಫೈಟ್ ಪುಡಿಯನ್ನೂ ಎಣ್ಣೆಯನ್ನೂ ಕಲಸಿ ತುಂಬಿದ ದಿನವೇ? ಸಿಗಡಿಯ ಸಿಪ್ಪೆಯಿಂದ ತೆಗೆದ ಅಂಟನ್ನು ನನಗೆ ಚರ್ಮವಾಗಿ ಹಚ್ಚಿದ ದಿನವೇ? ಅಥವಾ ಆ ಚರ್ಮದೊಳಗೆ ಬಟಾಣಿ ಮೊಳಕೆಯ ಕಿಣ್ವ ಸೇರಿ ಮೊದಲ ಸಲ ನನಗೆ ಏನೋ ತಿಳಿದ ದಿನವೇ? ಒಂದನ್ನು ಹೇಳಿದರೆ ಉಳಿದವಕ್ಕೆ ಅನ್ಯಾಯವಾಗುತ್ತದೆ. ಆದ್ದರಿಂದ ಎಲ್ಲವನ್ನೂ ಹೇಳಿದ್ದೇನೆ.

ನಾನು ಒಂದು ಜೈವಿಕ ಸಂವೇದಕ. ನನ್ನನ್ನು ಮಾಡಿದವರು ಬಯೋಸೆನ್ಸರ್ ಎನ್ನುತ್ತಿದ್ದರು. ಬೋಟುಗಳು ಮೀನು ಇಳಿಸುವ ಧಕ್ಕೆಯಲ್ಲಿ ಮೀನು ಮಾರುವ ಹೆಂಗಸರು 'ಕಡ್ಡಿ' ಎಂದು ಕರೆದರು. ಉದ್ದದ ಹೆಸರುಗಳನ್ನು ಕೇಳಿದಾಗ ನನ್ನಿಂದ ತುಂಬಾ ನಿರೀಕ್ಷಿಸುತ್ತಿದ್ದಾರೆಂದು ಹೆದರಿಕೆಯಾಗುತ್ತದೆ. ಕಡ್ಡಿ ಎಂದರೆ ಸ್ವಲ್ಪ ಉಸಿರಾಡಬಹುದು.

ನನ್ನ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಬಂಗುಡೆಯಂಥ ಮೀನು ಹಿಡಿದ ಮೇಲೆ ಐಸ್ ಸಿಗದೆ ಬಿಸಿಲಿನಲ್ಲಿ ಉಳಿದರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಅದು ಕಣ್ಣಿಗೆ ಕಾಣದು, ಮೂಗಿಗೂ ಸಿಗದು. ಆಮೇಲೆ ಐಸಿನಲ್ಲಿಟ್ಟರೆ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅಂಥ ಮೀನಿನ ಸಾರು ಉಂಡವರ ಮುಖ ಕೆಂಪಗಾಗುತ್ತದೆ, ಮೈಮೇಲೆ ದದ್ದುಗಳೇಳುತ್ತವೆ, ತಲೆ ಸಿಡಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ನನ್ನ ಚರ್ಮದೊಳಗಿನ ಕಿಣ್ವ ಈ ಹಿಸ್ಟಮಿನ್ನನ್ನು ಮಾತ್ರ ಹುಡುಕಿ ಒಡೆಯುತ್ತದೆ. ಒಡೆದಾಗ ಹುಟ್ಟುವ ಪೆರಾಕ್ಸೈಡ್ ಕೆಳಗಿಳಿದು ನನ್ನ ಕರಿ ಮೈಯನ್ನು ಮುಟ್ಟುತ್ತದೆ. ಮುಟ್ಟಿದಷ್ಟು ಕರೆಂಟು ನನ್ನ ತಂತಿಯಲ್ಲಿ ಹರಿಯುತ್ತದೆ. ತಂತಿಯ ತುದಿಯ ಮೀಟರಿನಲ್ಲಿ ಒಂದು ಅಂಕಿ ಮೂಡುತ್ತದೆ, ಪಕ್ಕದಲ್ಲಿ ಹಸಿರು ಇಲ್ಲವೇ ಕೆಂಪು ದೀಪ ಹೊತ್ತುತ್ತದೆ.

'ಮಾತ್ರ' ಎಂದೆ. ಅದು ಪೂರ್ತಿ ಸರಿಯಲ್ಲ. ಹಿಸ್ಟಮಿನ್ನಿನ ಒಂದೆರಡು ನೆಂಟರನ್ನೂ ಆ ಕಿಣ್ವ ಒಡೆಯುತ್ತದೆ. ಆದರೆ ಅವರೂ ಹಾಳಾದ ಮೀನಿನಲ್ಲೇ ಇರುವವರಾದ್ದರಿಂದ ನನ್ನನ್ನು ಮಾಡಿದವಳು ಅದನ್ನು ದೊಡ್ಡ ಕುಂದೆಂದು ಎಣಿಸಲಿಲ್ಲ.

ನನ್ನನ್ನು ಮಾಡಿದವಳು ರಮ್ಲತ್. ಹಗಲು ರಕ್ತಪರೀಕ್ಷೆಯ ಅಂಗಡಿಯೊಂದರಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಓದಿ ಡಿಗ್ರಿ ಮಾಡಿದ ಹುಡುಗಿ. ಈಗ ಮಂಗಳೂರಿನ ಅದೇ ಹಳೆಯ ಕಾಲೇಜಿನ ಮೇಲಂತಸ್ತಿನ ಲ್ಯಾಬಿನಲ್ಲಿ ಕುಡ್ವ ಸರ್ ಕೈಕೆಳಗೆ ಸಂಶೋಧನೆಯ ಕೆಲಸ ಮಾಡುತ್ತಿದ್ದಳು. ಲ್ಯಾಬಿಗೂ ಪಕ್ಕದ ಕ್ಲಾಸಿಗೂ ನಡುವೆ ತೆಳು ಹಲಗೆಯ ಗೋಡೆ. ಸಂಜೆಯಾದರೆ ಅಲ್ಲಿ ಪಾಠ ಶುರುವಾಗುತ್ತಿತ್ತು. ನನಗೆ ಬರುವ ನಾಲ್ಕು ಮಾತು ಆ ಗೋಡೆಯ ಮೂಲಕ ಬಂದದ್ದು. ಅರ್ಧ ಕೇಳಿದ್ದು, ಅರ್ಧ ಊಹಿಸಿದ್ದು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನನ್ನ ಚರ್ಮಕ್ಕೆ ಬೇಕಾದ ಸಿಗಡಿ ಸಿಪ್ಪೆಯನ್ನು ರಮ್ಲತ್ ಬಂದರಿನಿಂದ ಬಕೆಟಿನಲ್ಲಿ ತಂದು ಟೆರೇಸಿನಲ್ಲಿ ಒಣಗಿಸುತ್ತಿದ್ದಳು. ಕಾಗೆ ಓಡಿಸಲು ಹಳೆಯ ಕೊಡೆಯೊಂದನ್ನು ಬಿಚ್ಚಿ ನಿಲ್ಲಿಸಿದ್ದಳು. ಕೆಳಗಿನ ಕಾಮರ್ಸ್ ವಿಭಾಗದವರು ವಾಸನೆಗೆ ಕಿಟಕಿ ಮುಚ್ಚಿಕೊಂಡರು.

"ಊರಿನವರೆಲ್ಲ ಸಿಪ್ಪೆ ಬಿಸಾಡಿ ಸಿಗಡಿ ತಿಂತಾರೆ. ನೀನು ಸಿಪ್ಪೆ ಕಾಯ್ತಾ ಕೂತಿದ್ದಿ" ಎಂದು ಕುಡ್ವ ಸರ್ ನಗುತ್ತಿದ್ದರು.

"ಒಳಗಿನದ್ದು ನಿನ್ನೆ ನೀವೇ ಗಸಿ ಮಾಡಿಸಿ ತಿಂದದ್ದಲ್ವಾ ಸರ್? ನಂಗೆ ಉಳಿದದ್ದು ಇದೇ" ಎಂದು ರಮ್ಲತ್ ಹೇಳುತ್ತಿದ್ದಳು.

ಒಣಗಿದ ಸಿಪ್ಪೆಯನ್ನು ಆಮ್ಲದಲ್ಲಿ ನೆನೆಸಿ ಸುಣ್ಣ ತೆಗೆದು, ಕ್ಷಾರದಲ್ಲಿ ಕುದಿಸಿ ಉಳಿದದ್ದನ್ನೆಲ್ಲ ತೆಗೆದರೆ ಕೊನೆಗೆ ಬಿಳಿಯ ಚೂರುಗಳು ಸಿಗುತ್ತಿದ್ದವು. ಕೈಟೊಸಾನ್ ಎಂದು ಅದರ ಹೆಸರು. ವಿನೆಗರಿನಂಥ ದ್ರವದಲ್ಲಿ ಕರಗಿಸಿದರೆ ಗಂಜಿಯ ತಿಳಿಯ ಹಾಗಾಗುತ್ತದೆ. ಅದಕ್ಕೆ ಕಿಣ್ವ ಬೆರೆಸಿ ನನ್ನ ಕೊಳವೆಯ ಕರಿ ಬಾಯಿಯ ಮೇಲೆ ಒಂದು ಹನಿ ಬಿಟ್ಟರೆ ಒಣಗಿ ಚರ್ಮವಾಗುತ್ತದೆ. ಕಿಣ್ವ ಬರುವುದು ಬಟಾಣಿಯಿಂದ. ಬೀರುವಿನ ಕತ್ತಲಿನಲ್ಲಿ, ಒದ್ದೆ ಬಟ್ಟೆಯ ಮೇಲೆ, ಬೆಳಕು ಕಾಣದೆ ಬಿಳಿಚಿಕೊಂಡು ಬೆಳೆದ ಮೊಳಕೆಗಳನ್ನು ಅರೆದು ಸೋಸಿ ತೆಗೆಯುತ್ತಿದ್ದಳು. ಹುಟ್ಟಿನಿಂದಲೂ ಕತ್ತಲಿನಲ್ಲಿದ್ದ ಜೀವವೊಂದು ನನ್ನೊಳಗೆ ಕುಳಿತು ಬೇರೆಯವರ ಗುಟ್ಟು ಹುಡುಕುತ್ತದೆ ಎಂಬುದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ.

ಹೇಳಿದಷ್ಟು ಸುಲಭವಾಗಿ ಏನೂ ಆಗಲಿಲ್ಲ. ಚರ್ಮ ದಪ್ಪವಾದಾಗ ಹಿಸ್ಟಮಿನ್ ಒಳಗೆ ಬರುವಷ್ಟರಲ್ಲಿ ಯುಗ ಕಳೆಯುತ್ತಿತ್ತು. ತೆಳುವಾದಾಗ ನೀರಿಗೆ ಮುಳುಗಿಸಿದೊಡನೆ ಸುಲಿದು ತೇಲುತ್ತಿತ್ತು. ಕಿಣ್ವವನ್ನು ಚರ್ಮಕ್ಕೆ ಕಟ್ಟಿಹಾಕಲು ಬೇರೊಂದು ರಾಸಾಯನಿಕ ಹಾಕಬೇಕು. ಅದು ಹೆಚ್ಚಾದರೆ ಕಿಣ್ವ ಸೆಟೆದು ಸಾಯುತ್ತದೆ, ಕಡಿಮೆಯಾದರೆ ತೊಳೆದುಹೋಗುತ್ತದೆ. ಪ್ರತಿ ಸಲ ಸೋತಾಗಲೂ ರಮ್ಲತ್ ನನ್ನ ಬಾಯಿಯನ್ನು ನಯವಾದ ಕಾಗದದ ಮೇಲೆ ಉಜ್ಜಿ ಹಳೆಯದನ್ನು ತೆಗೆದು, ಹಿಂದಿನಿಂದ ಸ್ವಲ್ಪ ಕರಿ ಹಿಟ್ಟನ್ನು ಮುಂದಕ್ಕೆ ತಳ್ಳಿ, ಹೊಸ ಚರ್ಮ ಹಚ್ಚುತ್ತಿದ್ದಳು. ಹೊಸ ಚರ್ಮದಲ್ಲಿರುವ ನಾನು ನಿನ್ನೆಯ ನಾನೇ ಹೌದೋ ಎಂದು ಅನುಮಾನವಾಗುತ್ತಿತ್ತು. ಹೌದೆಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಕೆಲಸವಿತ್ತು, ಮಾಡಿದೆ.

ಕೊನೆಗೊಂದು ದಿನ ಚರ್ಮ ನಿಂತಿತು. ಅಳೆದಿಟ್ಟ ಹಿಸ್ಟಮಿನ್ ದ್ರಾವಣಗಳಲ್ಲಿ ನನ್ನನ್ನು ಅದ್ದಿದರು. ಕಡಿಮೆಗೆ ಕಡಿಮೆ, ಹೆಚ್ಚಿಗೆ ಹೆಚ್ಚು ಎಂದೆ. ಕುಡ್ವ ಸರ್ ಮೇಜು ತಟ್ಟಿದರು. ರಮ್ಲತ್ ಮಾತ್ರ ಮೀಟರನ್ನೇ ನೋಡುತ್ತ ನಿಂತಿದ್ದಳು.

"ಎಂತ, ಇನ್ನೂ ಮಂಡೆಬೆಚ್ಚವಾ?" ಎಂದರು ಸರ್.

"ಇದು ಬಾಟ್ಲಿಯ ನೀರು ಸರ್. ಮೀನು ಅಲ್ಲ" ಎಂದಳು ರಮ್ಲತ್. "ಹಾಳಾದ ಮೀನನ್ನು ಒಳ್ಳೇದು ಅಂದ್ರೆ ತಿಂದವರು ಬೀಳ್ತಾರೆ. ಒಳ್ಳೇದನ್ನು ಹಾಳು ಅಂದ್ರೆ ಮಾರಿದವರು ಬೀಳ್ತಾರೆ. ಎರಡೂ ಆಗ್ಬಾರ್ದಲ್ಲ."

ಆ ಮಾತು ನನ್ನೊಳಗೆ ಇಳಿದು ಕುಳಿತಿತು. ಆಮೇಲೆ ಯಾವ ದ್ರವಕ್ಕೆ ಇಳಿಸಿದರೂ, ಅಂಕಿ ನೆಲೆಗೆ ನಿಲ್ಲುವವರೆಗಿನ ಆ ಸ್ವಲ್ಪ ಹೊತ್ತು ನನಗೆ ಸಂಕಟ. ಮೀಟರಿಗೆ ನಾನು ಹೇಳಬಲ್ಲದ್ದು ಒಂದೇ ಮಾತು, 'ಇಷ್ಟು'. ಯಾಕೆ, ಏನು, ಅನುಮಾನವಿದೆ, ಇನ್ನೊಮ್ಮೆ ನೋಡಿ ಎಂದು ಹೇಳಲು ನನ್ನ ತಂತಿಯಲ್ಲಿ ಜಾಗವಿಲ್ಲ.

ನನ್ನನ್ನು ಧಕ್ಕೆಗೆ ಒಯ್ಯಲು ಒಂದು ಕಾರಣವಿತ್ತು. ನರ್ಸಿಂಗ್ ಹುಡುಗಿಯರ ಹಾಸ್ಟೆಲೊಂದರಲ್ಲಿ ಹಿಂದಿನ ವರ್ಷ ಬಂಗುಡೆ ಸಾರು ಉಂಡ ಹುಡುಗಿಯರೆಲ್ಲ ಮುಖ ಕೆಂಪಗೆ ಮಾಡಿಕೊಂಡು ಮೈ ತುರಿಸುತ್ತ ಮಲಗಿದ್ದರು. ಆ ದಿನ ಮೀನು ಇಬ್ಬರು ಮೂವರಿಂದ ಬಂದಿತ್ತು. ಯಾರ ಬುಟ್ಟಿಯದೆಂದು ಗೊತ್ತಾಗಲಿಲ್ಲ. ಗೊತ್ತಾಗದಿದ್ದರೂ ಎಲ್ಲರ ಬಾಯಿಗೆ ಬಂದ ಹೆಸರು ಸುಗಂಧಿಯದು. ಹಾಸ್ಟೆಲಿಗೆ ಹೆಚ್ಚು ಮೀನು ಕೊಡುತ್ತಿದ್ದವಳು ಅವಳೇ. ಈಗ ವಾರ್ಡನ್ ಹಿಲ್ಡಾ ಬಾಯಿ ಒಂದು ನಿಯಮ ಮಾಡಿದ್ದರು: ಪರೀಕ್ಷೆಯಲ್ಲಿ ಹಸಿರು ಬಂದ ಬುಟ್ಟಿ ಮಾತ್ರ ಹಾಸ್ಟೆಲಿನ ಗೇಟು ದಾಟಬೇಕು.

ಈ ನಿಯಮದಿಂದ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಸುಗಂಧಿ. ನಡುವಯಸ್ಸಿನ, ಗಟ್ಟಿ ದನಿಯ ಹೆಂಗಸು. ರಮ್ಲತ್ ನನ್ನನ್ನು ಡಬ್ಬಿಯಿಂದ ತೆಗೆದಾಗ ಹತ್ತಿರ ಬಂದು ಬಗ್ಗಿ ನೋಡಿದಳು.

"ಇಷ್ಟೇ ಇರುದಾ? ನಾನು ದೊಡ್ಡ ಮೆಷಿನ್ ಎಣಿಸಿದ್ದೆ. ಇದು ಐಸ್‌ಕ್ಯಾಂಡಿ ಕಡ್ಡಿ ಹಾಗೆ ಉಂಟಲ್ಲ ಮಾರಾಯ್ತಿ."

"ಸಣ್ಣದಾದ್ರೂ ಕೆಲಸ ಮಾಡ್ತದೆ ಅಕ್ಕ."

"ಮಾಡ್ಲಿ, ಮಾಡ್ಲಿ. ನನ್ನ ಮೀನು ಒಳ್ಳೇದು ಅಂತ ನಾನು ಹೇಳಿದ್ರೆ ವ್ಯಾಪಾರದ ಮಾತು ಅಂತಾರೆ. ಇದು ಹೇಳಿದ್ರೆ ಯಾರೂ ಬಾಯಿ ತೆರಿಲಿಕ್ಕಿಲ್ಲ."

ಪಕ್ಕದಲ್ಲಿ ಬೂತಾಯಿ ಮೀನು ಹರಡಿಕೊಂಡಿದ್ದ ಬೇಬಿಯಕ್ಕ ಎಂಬವಳು, "ಹೆಸರೇ ಸುಗಂಧಿ ಅಲ್ವಾ, ಇನ್ನೆಂತ ಪರೀಕ್ಷೆ ಬೇಕು?" ಎಂದು ಕೆಣಕಿದಳು. ಸಾಲಿನ ಹೆಂಗಸರು ನಕ್ಕರು. ಸುಗಂಧಿಯೂ ನಕ್ಕಳು, ಆದರೆ ಎಲ್ಲರಿಗಿಂತ ಮೊದಲೇ ನಿಲ್ಲಿಸಿದಳು.

ಆ ಸಾಲಿನಲ್ಲಿ ಒಂದು ರೂಢಿಯಿತ್ತು. ಬೋಣಿಯಾಗುವ ಮುಂಚೆ ಬುಟ್ಟಿಯ ಮೀನಿಗೆ ಬೇರೆಯವರ ಕತ್ತಿ ತಾಗಬಾರದು. ಆದ್ದರಿಂದ ಪರೀಕ್ಷೆಯ ತುಂಡನ್ನು ಮಾರುವವಳೇ ತನ್ನ ಕತ್ತಿಯಿಂದ, ತನ್ನ ಹಲಗೆಯ ಮೇಲೆ ಕೊಯ್ದು ಎಲೆಯಲ್ಲಿಟ್ಟು ಕೊಡುತ್ತಿದ್ದಳು. ರಮ್ಲತ್ ಅದನ್ನು ಒಪ್ಪಿಕೊಂಡಳು. ಶೆಡ್ಡಿನ ಮೂಲೆಯ ಮೇಜಿನ ಬಳಿ ಕೂತು, ಬಂದ ತುಂಡನ್ನು ಬಾಟಲಿಯ ದ್ರವದಲ್ಲಿ ಅಲ್ಲಾಡಿಸಿ ನನ್ನನ್ನು ಇಳಿಸುತ್ತಿದ್ದಳು.

ಬೇಬಿಯಕ್ಕನ ತುಂಡಿಗೆ ಹಸಿರು. ಅವಳ ಆಚೆಯವಳದಕ್ಕೂ ಹಸಿರು. ಸುಗಂಧಿಯ ತುಂಡು ಬಂತು. ನನ್ನನ್ನು ಇಳಿಸಿದೊಡನೆ ಏನೋ ನುಗ್ಗಿ ಬಂತು. ಕಿಣ್ವ ಇನ್ನೂ ಕೈ ಚಾಚುವಷ್ಟರಲ್ಲಿ ನನ್ನ ಕರಿ ಮೈ ಸುಟ್ಟ ಹಾಗಾಯಿತು. ಕರೆಂಟು ಹರಿಯಿತು, ಅಂಕಿ ಏರಿತು, ಏರುತ್ತಲೇ ಹೋಯಿತು. ಕೆಂಪು ದೀಪ.

"ಇನ್ನೊಮ್ಮೆ ನೋಡು ಮಗಾ" ಎಂದಳು ಸುಗಂಧಿ. ರಮ್ಲತ್ ನನ್ನನ್ನು ತೊಳೆದು ಮತ್ತೆ ಇಳಿಸಿದಳು. ಮತ್ತೆ ಕೆಂಪು.

ಬೇಬಿಯಕ್ಕ ಬೇಕೆಂದೇ ಬೂತಾಯಿಗೆ ನೀರು ಚಿಮುಕಿಸುತ್ತ ತಲೆ ಬಗ್ಗಿಸಿದಳು. ಸುಗಂಧಿ ತನ್ನ ಬುಟ್ಟಿಯಿಂದ ಒಂದು ಬಂಗುಡೆ ತೆಗೆದು ಕಿವಿರು ಬಿಡಿಸಿ ತೋರಿಸಿದಳು. "ನೋಡು, ರಕ್ತದ ಬಣ್ಣ ಉಂಟು. ಬೆಳಿಗ್ಗೆ ಬೋಟಿಂದ ಇಳಿಸಿದ್ದು. ಐಸ್ ಇನ್ನೂ ಕರಗ್ಲಿಲ್ಲ." ರಮ್ಲತ್ ನೋಡಿದಳು. ಕಿವಿರು ಕೆಂಪಾಗಿತ್ತು. ದೀಪವೂ ಕೆಂಪಾಗಿತ್ತು. ನಿಯಮದಂತೆ ಆ ಬುಟ್ಟಿ ಮೀನುಹಿಟ್ಟಿನ ಫ್ಯಾಕ್ಟರಿಯ ಟೆಂಪೋಗೆ ಹೋಯಿತು.

ಮುಂದಿನ ಸಲ ಸುಗಂಧಿ ಹೆಚ್ಚು ಎಚ್ಚರದಿಂದ ಬಂದಳು. ಹೆಚ್ಚು ಐಸ್, ಹೊಸ ಬುಟ್ಟಿ, ತೊಳೆದ ಸೀರೆ. ತುಂಡನ್ನು ಇಟ್ಟ ಎಲೆ ಕೂಡ ಒರೆಸಿದ್ದಳು. ನನ್ನನ್ನು ಇಳಿಸಿದರು. ಆ ದಿನ ಅಂಕಿ ಮೊದಲಿಗಿಂತ ಮೇಲೆ ಹೋಯಿತು.

"ಎಂತ ಸಾವು ಇದು!" ಎಂದು ಅವಳು ಹಲಗೆಯನ್ನು ನೆಲಕ್ಕೆ ಕುಕ್ಕಿದಳು. "ನಾನು ಎಂತ ಅನ್ಯಾಯ ಮಾಡಿದ್ದೇನೆ ಇದಕ್ಕೆ? ನನ್ನ ಮುಖ ನೋಡಿಯೇ ಕೆಂಪಾಗ್ತದಾ?"

ರಮ್ಲತ್ ಲ್ಯಾಬಿಗೆ ಬಂದವಳೇ ನನ್ನನ್ನು ಅಳೆದಿಟ್ಟ ದ್ರಾವಣಗಳಲ್ಲಿ ಅದ್ದಿದಳು. ಕಡಿಮೆಗೆ ಕಡಿಮೆ, ಹೆಚ್ಚಿಗೆ ಹೆಚ್ಚು. ತಪ್ಪೇ ಇಲ್ಲ. ಅವಳಿಗೆ ಸಮಾಧಾನವಾಗುವ ಬದಲು ಮುಖ ಇನ್ನೂ ಬಾಡಿತು.

"ಸೆನ್ಸರ್ ಸಮ ಉಂಟು ಅಂದ ಮೇಲೆ ಮೀನೇ ಸಮ ಇಲ್ಲ" ಎಂದರು ಕುಡ್ವ ಸರ್. "ಪಾಪ ಅಂತ ಅಂಕಿ ಬದಲು ಮಾಡ್ಲಿಕ್ಕೆ ಆಗ್ತದಾ?"

"ಬದಲು ಮಾಡುದಲ್ಲ ಸರ್. ಒಬ್ಬರದ್ದೇ ಯಾಕೆ ಪ್ರತಿ ಸಲ? ಎಲ್ಲರೂ ಒಂದೇ ಬೋಟಿಂದ ತಗೊಂಡದ್ದು."

ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರಿಗೂ ಒಳಗೆ ಚುಚ್ಚಿತ್ತೆಂದು ನನಗನಿಸಿತು. ನನಗಂತೂ ಆ ನುಗ್ಗಿ ಬಂದದ್ದರ ನೆನಪು ಹೋಗಲಿಲ್ಲ. ಹಿಸ್ಟಮಿನ್ ಬರುವುದು ಮೆಲ್ಲಗೆ, ಚರ್ಮದೊಳಗೆ ದಾರಿ ಮಾಡಿಕೊಂಡು, ಕಿಣ್ವದ ಕೈಯಿಂದ. ಇದು ಯಾರನ್ನೂ ಕೇಳದೆ ನೇರವಾಗಿ ಕರಿ ಮೈಗೆ ಬಂದಿತ್ತು. ಆದರೆ ಮೀಟರಿಗೆ ತಲುಪುವಾಗ ಎರಡೂ ಕರೆಂಟೇ. ಯಾವ ಬಾಗಿಲಿನಿಂದ ಬಂತೆಂದು ಕರೆಂಟಿನ ಮೇಲೆ ಬರೆದಿರುವುದಿಲ್ಲ.

ಹಿಲ್ಡಾ ಬಾಯಿ ಸುಗಂಧಿಗೆ ಕೊನೆಯದೊಂದು ಅವಕಾಶ ಕೊಟ್ಟರು. ಈ ಸಲ ಪರೀಕ್ಷೆ ಹಾಸ್ಟೆಲಿನ ಅಡುಗೆಮನೆಯಲ್ಲೇ, ತಮ್ಮ ಕಣ್ಣೆದುರೇ ನಡೆಯಬೇಕೆಂದರು. ಕೆಂಪು ಬಂದರೆ ಇನ್ನು ಮುಂದೆ ಸುಗಂಧಿಯ ಮೀನು ಬೇಡ. ಅಷ್ಟೇ ಆಗಿದ್ದರೆ ಅವಳು ಬೇರೆ ಗಿರಾಕಿ ಹುಡುಕಿಕೊಳ್ಳುತ್ತಿದ್ದಳು. ಆದರೆ ಹಾಸ್ಟೆಲ್ ಬಿಡಿಸಿತು ಎಂದರೆ ಹೋದ ವರ್ಷ ಹುಡುಗಿಯರನ್ನು ಮಲಗಿಸಿದ್ದು ಇವಳದೇ ಬುಟ್ಟಿ ಎಂದು ತೀರ್ಮಾನವಾದ ಹಾಗೆ. ಆಮೇಲೆ ಇಡೀ ಧಕ್ಕೆಯಲ್ಲಿ ಅವಳ ಮುಂದೆ ಯಾರೂ ನಿಲ್ಲುವುದಿಲ್ಲ.

ಅಡುಗೆಮನೆಯ ಕಟ್ಟೆಯ ಮೇಲೆ ನನ್ನನ್ನು ಇಟ್ಟರು. ಕುಡ್ವ ಸರ್ ಕೂಡ ಬಂದಿದ್ದರು. ಬಾಗಿಲಲ್ಲಿ ನರ್ಸಿಂಗ್ ಹುಡುಗಿಯರು ಒಬ್ಬರ ಹೆಗಲ ಮೇಲೊಬ್ಬರು ಇಣುಕುತ್ತಿದ್ದರು. ಇದುವರೆಗೆ ರಮ್ಲತ್ ಶೆಡ್ಡಿನ ಮೂಲೆಯಲ್ಲಿ ಕೂತು ಬಂದ ತುಂಡನ್ನು ಮಾತ್ರ ನೋಡಿದವಳು. ಸುಗಂಧಿ ಕೊಯ್ಯುವುದನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಸುಗಂಧಿ ಕಟ್ಟೆಗೆ ಕೈ ಮುಗಿದು, ಸೊಂಟದ ಗಂಟಿನಿಂದ ಒಂದು ಹಿಡಿ ಬಿಂಬುಳಿ ತೆಗೆದಳು. ಹಸಿರಾದ, ಬೆರಳಿನಂಥ ಹುಳಿಕಾಯಿ. ಒಂದನ್ನು ಮುರಿದು ಕತ್ತಿಯ ಎರಡೂ ಬದಿಗೆ ಉಜ್ಜಿದಳು. ಇನ್ನೊಂದನ್ನು ಹಲಗೆಗೆ ಹಿಂಡಿ ತಿಕ್ಕಿದಳು. ಅಂಗೈಗೆ, ಬೆರಳ ಸಂದಿಗೆ ಹಚ್ಚಿಕೊಂಡಳು. ಕೊನೆಗೆ ಬಂಗುಡೆಯ ಹೊಟ್ಟೆಯ ಮೇಲೂ ಒಮ್ಮೆ ಎಳೆದು, ಒಣ ಬಟ್ಟೆಯಲ್ಲಿ ಒರೆಸಿ ಕತ್ತಿ ಎತ್ತಿದಳು.

"ಅಕ್ಕ, ನಿಲ್ಲಿ" ಎಂದಳು ರಮ್ಲತ್. "ಇದು ಎಂತಕ್ಕೆ?"

"ಚೊಕ್ಕ ಮಾಡ್ಲಿಕ್ಕೆ. ಜಾರುವ ಲೋಳೆ, ವಾಸನೆ ಎಲ್ಲ ಹೋಗ್ತದೆ. ಮನೆ ಹಿಂದೆ ಮರ ಉಂಟು."

"ಮೊದ್ಲು ಕೊಟ್ಟ ತುಂಡಿಗೂ ಮಾಡಿದ್ರಾ?"

"ಪರೀಕ್ಷೆಗೆ ಕೊಡುದಲ್ವಾ? ಕೊಳಕು ಕತ್ತಿಯಲ್ಲಿ ಕೊಯ್ದು ಕೊಡ್ಲಿಕ್ಕೆ ಆಗ್ತದಾ? ಎರಡನೇ ಸಲ ಇನ್ನೂ ಸಮಾ ತಿಕ್ಕಿದ್ದೆ."

ರಮ್ಲತ್ ಕುಡ್ವ ಸರ್ ಮುಖ ನೋಡಿದಳು. ಸರ್ ಹಣೆಗೆ ಕೈ ಹಚ್ಚಿದರು. "ಸಿ ವಿಟಮಿನ್" ಎಂದರು ಮೆಲ್ಲಗೆ.

ರಮ್ಲತ್ ಮೀನನ್ನು ಬದಿಗೆ ಸರಿಸಿದಳು. ಒಂದು ಬಿಂಬುಳಿಯನ್ನು ಬಾಟಲಿಗೆ ಹಿಂಡಿ, ನನ್ನನ್ನು ತೊಳೆದು ಅದರಲ್ಲಿ ಇಳಿಸಿದಳು. ಅದೇ ನುಗ್ಗು. ಅದೇ ಉರಿ. ಈ ಸಲ ಅಂಕಿ ಯಾವ ಮೀನಿಗೂ ಏರದಷ್ಟು ಏರಿತು. ದೀಪ ಕೆಂಪಾಯಿತು.

ಬಾಗಿಲಲ್ಲಿದ್ದ ಹುಡುಗಿಯೊಬ್ಬಳು, "ಅಯ್ಯೋ, ಬಿಂಬುಳಿಯೂ ಬೋಟಲ್ಲಿ ಬಂದದ್ದಾ?" ಎಂದಳು. ನಗುವಿನ ಅಲೆಯೆದ್ದಿತು. ಹುಳಿಕಾಯಿಯಲ್ಲಿರುವ ಆ ವಿಟಮಿನ್ ಕಿಣ್ವದ ಹಂಗಿಲ್ಲದೆ ತಾನೇ ಕರಿ ಮೈಗೆ ಕರೆಂಟು ಕೊಡುತ್ತದೆಂದು ರಮ್ಲತ್ ಎಲ್ಲರಿಗೂ ಬಿಡಿಸಿ ಹೇಳಿದಳು. ಸುಗಂಧಿ ನಗಲಿಲ್ಲ. ಕೈಯಲ್ಲಿದ್ದ ಕಾಯಿಗಳನ್ನು ನೋಡುತ್ತ ನಿಂತಳು. ಎಷ್ಟು ಚೊಕ್ಕ ಮಾಡಿದರೆ ಅಷ್ಟು ಕೆಂಪಾಗಿತ್ತು.

"ಹಾಗಾದ್ರೆ ನನ್ನ ಮೀನು ಒಳ್ಳೇದು. ಹೇಳು ಮಗಾ, ಎಲ್ಲರ ಎದುರು ಹೇಳು."

ರಮ್ಲತ್ ನನ್ನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಒಳ್ಳೇದು ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ. ಹುಳಿ ಇತ್ತು ಅಂತ ಮಾತ್ರ ಗೊತ್ತಾಯ್ತು. ಹುಳಿಯ ಅಡಿಯಲ್ಲಿ ಎಂತ ಇತ್ತು ಅಂತ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಮೆಷಿನ್ ಎಂತಕ್ಕೆ? ಗೊತ್ತಿಲ್ಲ ಅಂತ ಬೇಬಿಯೂ ಹೇಳ್ತಾಳೆ!"

ಹಿಲ್ಡಾ ಬಾಯಿ ಕೈಕಟ್ಟಿ ನಿಂತಿದ್ದವರು ಮುಂದೆ ಬಂದರು. "ಇವತ್ತು ಬಿಂಬುಳಿ. ನಾಳೆ ಲಿಂಬೆ, ನಾಡಿದ್ದು ಇನ್ನೆಂತದೋ. ನಿಮ್ಮ ಕಡ್ಡಿ ಹೇಳಿದ್ದನ್ನು ನಾನು ನಂಬುದು ಹೇಗೆ? ಇಲ್ಲಿ ಮಕ್ಕಳು ಉಣ್ಣುದು."

ಕಡ್ಡಿಯನ್ನು ಸರಿಮಾಡಿಕೊಂಡು ಬರುವವರೆಗೆ ಯಾರನ್ನೂ ಬಿಡಿಸಬೇಡಿ, ಯಾರ ಬಂಗುಡೆಯನ್ನೂ ಕೊಳ್ಳಬೇಡಿ ಎಂದು ರಮ್ಲತ್ ಬೇಡಿಕೊಂಡಳು. ಹಿಲ್ಡಾ ಬಾಯಿ ಒಪ್ಪಿದರು. ಹುಡುಗಿಯರು ಅಷ್ಟು ದಿನ ಮೊಟ್ಟೆ ಸಾರು ಉಂಡರು. ಅದರ ಬಗ್ಗೆ ಅವರಾಡಿದ ಮಾತು ನನಗೆ ತಲುಪದಿದ್ದುದು ಒಳ್ಳೆಯದಾಯಿತು.

ಲ್ಯಾಬಿನಲ್ಲಿ ಹಲವು ದಾರಿಗಳನ್ನು ನೋಡಿದರು. ಹುಳಿಯನ್ನು ತಡೆಯುವ ಇನ್ನೊಂದು ಪದರ ಹಚ್ಚಿದರು. ಅದು ಹುಳಿಯ ಜೊತೆ ನನ್ನ ಅರ್ಧ ಬುದ್ಧಿಯನ್ನೂ ತಡೆಯಿತು. ಸೌತೆಕಾಯಿಯ ಸಿಪ್ಪೆಯಲ್ಲಿ ಆ ವಿಟಮಿನ್ನನ್ನು ತಿನ್ನುವ ಕಿಣ್ವವಿದೆಯೆಂದು ಸರ್ ಹೇಳಿದರು. ಅದನ್ನೂ ಮಾಡಿದರು. ಬಿಂಬುಳಿ ಸ್ವಲ್ಪವಿದ್ದರೆ ಸರಿ, ಹೆಚ್ಚಿದ್ದರೆ ಸೋತಿತು.

ಒಂದು ಸಂಜೆ ಪಕ್ಕದ ಕ್ಲಾಸಿನಲ್ಲಿ ಲೆಕ್ಕದ ಪಾಠ ನಡೆಯುತ್ತಿತ್ತು. ಚೀಲ ಸಮೇತ ಅಕ್ಕಿ ತೂಗಿ, ಬರಿ ಚೀಲವನ್ನು ತೂಗಿ ಕಳೆಯುವ ಹಳೆಯ ಲೆಕ್ಕ. ರಮ್ಲತ್ ಉಜ್ಜುತ್ತಿದ್ದ ನನ್ನನ್ನು ಹಾಗೇ ಹಿಡಿದುಕೊಂಡು ಗೋಡೆಯ ಕಡೆ ತಿರುಗಿದಳು.

"ಸರ್, ಬರಿ ಚೀಲ."

"ಎಂತ ಚೀಲ?"

"ಇದೇ ಕೊಳವೆ, ಇದೇ ಗ್ರಾಫೈಟ್, ಇದೇ ಸಿಗಡಿ ಚರ್ಮ. ಕಿಣ್ವವನ್ನು ಮಾತ್ರ ಕುದಿಸಿ ಸಾಯಿಸಿ ಹಾಕುದು. ಅದಕ್ಕೆ ಹಿಸ್ಟಮಿನ್ ಗೊತ್ತೇ ಆಗುದಿಲ್ಲ. ಹುಳಿ ಬಂದ್ರೆ ಮಾತ್ರ ಉರಿತದೆ. ಎರಡನ್ನೂ ಒಟ್ಟಿಗೆ ಮುಳುಗಿಸಿ ಇದರದ್ದರಲ್ಲಿ ಅದರದ್ದು ಕಳೆದ್ರೆ?"

ಹೀಗೆ ನನಗೊಬ್ಬಳು ತಂಗಿ ಬಂದಳು. ನೋಡಲು ಥೇಟ್ ನನ್ನ ಹಾಗೆ. ಯಾವುದು ಯಾರೆಂದು ತಿಳಿಯಲು ಅವಳ ಕುತ್ತಿಗೆಗೆ ರಮ್ಲತ್ ನೀಲಿ ನೂಲು ಕಟ್ಟಿದಳು. ಮೊದಲಿಗೆ ನನಗೆ ಸಿಟ್ಟು ಬಂತೆಂದು ಒಪ್ಪಿಕೊಳ್ಳಬೇಕು. ಏನೂ ತಿಳಿಯದವಳನ್ನು ಪಕ್ಕದಲ್ಲಿಟ್ಟು ನನ್ನ ಮಾತನ್ನು ಅಳೆಯುತ್ತಾರಲ್ಲ ಎಂದು. ಆದರೆ ಒಂದೇ ಬಾಟಲಿಗೆ ನಮ್ಮಿಬ್ಬರನ್ನೂ ಇಳಿಸಿದ ಮೊದಲ ಸಲವೇ ಆ ಸಿಟ್ಟು ಇಳಿಯಿತು. ಹುಳಿ ನುಗ್ಗಿತು. ನಾನು ಉರಿದೆ, ಅವಳೂ ಉರಿದಳು. ಅಷ್ಟೂ ದಿನ ನಾನೊಬ್ಬಳೇ ಹೊತ್ತಿದ್ದ ಉರಿ ಅದು. ಇನ್ನೊಬ್ಬರಿಗೂ ಹಾಗೇ ಆಗುತ್ತದೆಂದು ತಿಳಿದಾಗ, ನನ್ನಲ್ಲಿ ದೋಷವಿದೆಯೇ ಎಂಬ ಕೊರಗು ಅರ್ಧ ಹೋಯಿತು. ಪೂರ್ತಿ ಹೋಯಿತೆಂದು ಹೇಳಲಾರೆ.

ಮತ್ತೆ ಹಾಸ್ಟೆಲಿನ ಅಡುಗೆಮನೆ. ಸುಗಂಧಿ ಬರಿಗೈಯಲ್ಲಿ ಬಂದಿದ್ದಳು, ಬಿಂಬುಳಿ ತಂದಿರಲಿಲ್ಲ. ಮನೆಯ ಮರದ ಕಡೆ ನೋಡುವುದನ್ನೂ ಬಿಟ್ಟಿದ್ದಳಂತೆ.

"ಹುಳಿ ಎಲ್ಲಿ ಅಕ್ಕ?" ಎಂದಳು ರಮ್ಲತ್.

"ಸಾಕು ಮಾರಾಯ್ತಿ, ಅದರ ಹೆಸರು ಎತ್ತಬೇಡ."

"ಇಲ್ಲ, ಬೇಕು. ಯಾವತ್ತಿನ ಹಾಗೇ ತಿಕ್ಕಿ ಕೊಯ್ದು ಕೊಡಿ. ಇಲ್ಲದಿದ್ರೆ ಹಿಲ್ಡಾ ಬಾಯಿಗೆ ನಂಬಿಕೆ ಬರುದು ಹೇಗೆ?"

ಹುಡುಗಿಯೊಬ್ಬಳು ಓಡಿಹೋಗಿ ಹಾಸ್ಟೆಲಿನ ಹಿತ್ತಿಲಿಂದ ಬಿಂಬುಳಿ ಕಿತ್ತು ತಂದಳು. ಸುಗಂಧಿ ಹೆದರುತ್ತಲೇ ತಿಕ್ಕಿದಳು. ಒಂದೇ ಮೀನಿನಿಂದ ಎರಡು ತುಂಡು ಕೊಯ್ದಳು. ಒಂದು ತುಂಡು, ಕಾಲೇಜಿನ ಹೊರಗಿನ ದೊಡ್ಡ ಲ್ಯಾಬಿಗೆ ಐಸಿನಲ್ಲಿ ಹೋಯಿತು. ಇನ್ನೊಂದರ ಬಾಟಲಿಗೆ ನಮ್ಮಿಬ್ಬರನ್ನೂ ಇಳಿಸಿದರು.

ನನ್ನ ಅಂಕಿ ಏರಿತು. ಸುಗಂಧಿ ಕಣ್ಣು ಮುಚ್ಚಿದಳು. ತಂಗಿಯ ಅಂಕಿಯೂ ಏರಿತು, ನನ್ನ ಹಿಂದೆಯೇ, ಹೆಚ್ಚುಕಡಿಮೆ ನನ್ನಷ್ಟೇ. ರಮ್ಲತ್ ಒಂದರಿಂದ ಇನ್ನೊಂದನ್ನು ಕಳೆದಳು. ಉಳಿದದ್ದು ಚೂರು.

"ಹಸಿರು" ಎಂದಳು. ಕೆಲವು ದಿನಗಳ ಮೇಲೆ ದೊಡ್ಡ ಲ್ಯಾಬಿನಿಂದಲೂ ಅದೇ ಉತ್ತರ ಬಂತು. ಹೋದ ವರ್ಷದ ಬುಟ್ಟಿ ಯಾರದೆಂದು ಯಾವ ಕಡ್ಡಿಯೂ ಹೇಳಲಾರದು. ಆದರೆ ಈ ವರ್ಷದ ಸುಗಂಧಿಯ ಬುಟ್ಟಿ ಹಾಸ್ಟೆಲಿನ ಗೇಟು ದಾಟಿತು.

ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತದೆಂದು ಗೊತ್ತಿದೆ. ನಿಲ್ಲಿಸಿದರೆ ಅರ್ಧ ಹೇಳಿದ ಹಾಗಾಗುತ್ತದೆ.

ಮಳೆಗಾಲದ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಒಂದು ಬೆಳಿಗ್ಗೆ, ಸುಗಂಧಿ ಎಂದಿನಂತೆ ತುಂಡು ತಂದಳು. ಈಗ ಅವಳು ಹುಳಿ ತಿಕ್ಕಲೂ ಹೆದರುತ್ತಿರಲಿಲ್ಲ, ಆದರೆ ಆ ದಿನ ಅವಳ ಗಂಟಿನಲ್ಲಿ ಬಿಂಬುಳಿ ಇರಲಿಲ್ಲ. ಸಾಲಿನವರ 'ಕಡ್ಡಿ' ಈಗ 'ಅಕ್ಕತಂಗಿ' ಆಗಿತ್ತು. ನಮ್ಮನ್ನು ಇಳಿಸಿದರು. ನನ್ನ ಚರ್ಮದೊಳಗೆ ಕಿಣ್ವ ಎದ್ದು ಕೂತಿತು. ನುಗ್ಗು ಇರಲಿಲ್ಲ. ಮೆಲ್ಲಗೆ, ದಾರಿ ಮಾಡಿಕೊಂಡು, ತಪ್ಪದೆ ಬರತೊಡಗಿತು. ನಾನು ಯಾವುದಕ್ಕಾಗಿ ಹುಟ್ಟಿದ್ದೆನೋ ಅದೇ. ಅಂಕಿ ಏರಿತು. ಬೇಡ, ಇವಳದು ಬೇಡ ಎಂದುಕೊಂಡೆ. ಅಂಕಿ ನನ್ನ ಮಾತು ಕೇಳುವುದಿಲ್ಲ.

ಮೀಟರ್ ನೋಡುತ್ತಿದ್ದ ರಮ್ಲತ್ ತಲೆ ಎತ್ತಲಿಲ್ಲ. ಸುಗಂಧಿ ಬಗ್ಗಿ ಕೇಳಿದಳು, "ತಂಗಿ ಎಂತ ಹೇಳ್ತಾಳೆ?"

"ತಂಗಿ ಎಂತದೂ ಹೇಳುದಿಲ್ಲ ಅಕ್ಕ. ಸುಮ್ಮನೆ ಇದ್ದಾಳೆ."

ಸುಗಂಧಿಗೆ ತಿಳಿಯಿತು. ಅವಳು ಕಿವಿರು ಬಿಡಿಸಿ ತೋರಿಸಲಿಲ್ಲ, ಇನ್ನೊಮ್ಮೆ ನೋಡೆನ್ನಲಿಲ್ಲ. ಬೋಟಿನಲ್ಲಿ ಐಸ್ ಮುಗಿದಿತ್ತೇನೋ ಎಂದಷ್ಟೇ ಅಂದಳು. ಬೇಬಿಯಕ್ಕನನ್ನು ಕರೆದು, "ಬಾ ಮಾರಾಯ್ತಿ, ಒಂದು ಕೈ ಕೊಡು" ಎಂದಳು. ಇಬ್ಬರೂ ಸೇರಿ ಬುಟ್ಟಿಯನ್ನು ಫ್ಯಾಕ್ಟರಿಯ ಟೆಂಪೋಗೆ ಎತ್ತಿ ಸುರಿದರು. ಬೇಬಿಯಕ್ಕ ಆ ದಿನ ಯಾವ ಕೊಂಕೂ ಆಡಲಿಲ್ಲ. ತಿರುಗಿ ಬಂದು ತನ್ನ ಬುಟ್ಟಿಯಿಂದಲೂ ಒಂದು ತುಂಡು ಕೊಯ್ದು, "ನನ್ನದೂ ಅದೇ ಬೋಟಿದ್ದು. ಸಮಾ ನೋಡು" ಎಂದು ಕೊಟ್ಟಳು. ಅದಕ್ಕೂ ಕೆಂಪು ಬಂತು. ಅವಳದೂ ಟೆಂಪೋಗೆ ಹೋಯಿತು. ಆ ದಿನ ಹಾಸ್ಟೆಲಿನ ಹುಡುಗಿಯರು ಮೊಟ್ಟೆ ಸಾರಿಗೆ ಮುಖ ಸಿಂಡರಿಸಿದರಂತೆ. ಯಾರ ಮುಖವೂ ಕೆಂಪಗಾಗಲಿಲ್ಲ.

ಈಗ ನನಗೆ ವಯಸ್ಸಾಗಿದೆ. ತಳ್ಳಿ ತಳ್ಳಿ ಕೊಳವೆಯೊಳಗಿನ ಕರಿ ಹಿಟ್ಟು ಮುಗಿಯುತ್ತ ಬಂದಿದೆ. ಬಾಯಿಯ ಅಂಚಿನಲ್ಲಿ ಕೂದಲೆಳೆಯ ಬಿರುಕಿದೆ. ರಮ್ಲತ್ ಹೊಸ ಕಡ್ಡಿಗಳನ್ನು ಮಾಡಿದ್ದಾಳೆ, ನನಗಿಂತ ತೆಳು, ನನಗಿಂತ ಚುರುಕು. ನನ್ನ ತಂಗಿ ಹೋದ ಬೇಸಿಗೆಯಲ್ಲಿ ಧಕ್ಕೆಯ ಸಿಮೆಂಟು ನೆಲಕ್ಕೆ ಬಿದ್ದು ಎರಡು ತುಂಡಾದಳು. ರಮ್ಲತ್ ನೀಲಿ ನೂಲನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡದ್ದನ್ನು ನೋಡಿದೆ.

ನನ್ನನ್ನು ಕಸದ ಡಬ್ಬಿಗೆ ಹಾಕುತ್ತಾರೆಂದುಕೊಂಡಿದ್ದೆ. ಒಂದು ಬೆಳಿಗ್ಗೆ ರಮ್ಲತ್ ನನ್ನ ಬಾಯಿ ಉಜ್ಜಿದಳು. ಸಿಗಡಿಯ ಚರ್ಮ ಹಚ್ಚಿದಳು. ಅದರಲ್ಲಿದ್ದದ್ದು ಕುದಿಸಿದ ಕಿಣ್ವ. ಆಮೇಲೆ ಜೇಬಿನಿಂದ ನೀಲಿ ನೂಲು ತೆಗೆದು ನನ್ನ ಕುತ್ತಿಗೆಗೆ ಕಟ್ಟಿದಳು.

ಈಗ ಹೊಸ ಕಡ್ಡಿಯ ಪಕ್ಕ ನಾನಿರುತ್ತೇನೆ. ಹುಳಿ ಬಂದರೆ ಉರಿಯುತ್ತೇನೆ, ಉಳಿದಂತೆ ಸುಮ್ಮನಿರುತ್ತೇನೆ. ಹಿಸ್ಟಮಿನ್ ನನ್ನ ಚರ್ಮದೊಳಗೆ ಬಂದು ಯಾರನ್ನೋ ಹುಡುಕಿ, ಯಾರೂ ಸಿಗದೆ ಮರಳಿ ಹೋಗುತ್ತದೆಯಂತೆ. ನನಗದು ತಿಳಿಯುವುದಿಲ್ಲ. ತಿಳಿದಿದ್ದಾಗ ಇದ್ದ ಹೆದರಿಕೆ ಈಗ ಇಲ್ಲವೆಂದು ಬರೆಯಲು ಆಸೆಯಿದೆ, ಆದರೆ ಅದು ನಿಜವಲ್ಲ. ಹೊಸ ಕಡ್ಡಿಯ ಅಂಕಿ ಏರುವಾಗ ಅದರ ನಡುಕ ದ್ರವದಲ್ಲಿ ನನ್ನವರೆಗೂ ಬಂದ ಹಾಗಾಗುತ್ತದೆ. ಅದಕ್ಕೆ ಏನಾದರೂ ಹೇಳೋಣವೆನಿಸುತ್ತದೆ. ನಾನು ಸುಮ್ಮನಿರುವುದೇ ಅದಕ್ಕೆ ಬೇಕಾದ ಮಾತೆಂದು ನೆನಪಾಗುತ್ತದೆ.

ಇಂದು ಬೆಳಿಗ್ಗೆಯೂ ಸುಗಂಧಿ ಬಂದಿದ್ದಳು. ಹಲಗೆ ತಿಕ್ಕಿದ ಕೈ ಒರೆಸಿಕೊಳ್ಳುತ್ತ, ಹೊಸ ಕಡ್ಡಿಯ ಕಡೆ ಕಣ್ಣು ಹಾಯಿಸಲೂ ಇಲ್ಲ. ಬಗ್ಗಿ ನನ್ನನ್ನೇ ನೋಡಿ ಕೇಳಿದಳು:

"ತಂಗಿ ಎಂತ ಹೇಳ್ತಾಳೆ?"